ಬೀರುವಿನಲ್ಲಿದ್ದ ಮಾತ್ರೆಗೆ ಹನ್ನೊಂದು ದಿನದ ಮೇಲೆ ಬಂದ ಅನುಮತಿ

ಔಷಧ ಪ್ರಯೋಗಗಳಿಗೆ ಅನುಮತಿ ಕೊಡುವ, ಕೊಡದಿರುವ, ಹೆಚ್ಚಿನ ದಿನಗಳಲ್ಲಿ ಇವೆರಡರಲ್ಲಿ ಯಾವುದನ್ನೂ ಮಾಡದಿರುವ ಪ್ರಾಧಿಕಾರದ ಮುಖ್ಯಸ್ಥರಾದ ಮಾನ್ಯರೇ,

ತಮ್ಮ ಅನುಮತಿ ಪತ್ರ ತಲುಪಿತು. ನನ್ನ ಹೆಂಡತಿಗೆ ಒಂದು ಮಾತ್ರೆ ಕೊಡಬಹುದೆಂದು ತಾವು ಅದರಲ್ಲಿ ದಯಪಾಲಿಸಿದ್ದೀರಿ. ಆ ಮಾತ್ರೆ ಅವಳಿಗೆ ಬೇಕಾಗಿದ್ದು ಒಂದು ಮಂಗಳವಾರ ಮಧ್ಯಾಹ್ನ ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ. ತಮ್ಮ ಪತ್ರ ಬಂದದ್ದು ಅದಾದ ಹನ್ನೊಂದನೇ ದಿನ, ಶನಿವಾರ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅಂತ ಗಾದೆ ಮಾಡಿದವರು ತಮ್ಮ ಕಚೇರಿಯನ್ನು ಕಂಡಿರಲಿಲ್ಲ. ಕಂಡಿದ್ದರೆ, ಹಾಕಬೇಕಾದ ಬಾಗಿಲಿನ ಜೊತೆ ತೆರೆಯಬೇಕಾದ ಬಾಗಿಲಿನ ಬಗ್ಗೆಯೂ ಒಂದು ಗಾದೆ ಮಾಡಿರುತ್ತಿದ್ದರು.

ತಮಗೆ ದಿನಕ್ಕೆ ಎಷ್ಟೋ ಕಾಗದಗಳು ಬರುತ್ತವೆ. ಇದು ಯಾವ ವಿಷಯ ಎಂದು ನೆನಪಾಗದಿರಬಹುದು. ಆದ್ದರಿಂದ ಮೊದಲಿಂದ ಹೇಳುತ್ತೇನೆ. ಖಾಸಗಿಯಾಗಿ ಮೂರು ಸಲ ಬರೆದೆ, ಮೂರಕ್ಕೂ ಸ್ವೀಕೃತಿ ಸಂಖ್ಯೆ ಬಂತು, ಉತ್ತರ ಬರಲಿಲ್ಲ. ಹಾಗಾಗಿ ಈ ಸಲ ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಇಪ್ಪತ್ತೆರಡು ವರ್ಷದಿಂದ ಬೇರೆಯವರು ಬಿಟ್ಟ ಕೊಂಬು, ದೀರ್ಘ, ಒತ್ತುಗಳನ್ನು ಹುಡುಕಿ ಹಾಕುವುದೇ ನನ್ನ ಕೆಲಸ. ನನ್ನ ಹೆಂಡತಿ ಸಿಟಿ ಬಸ್ಸಿನ ಡ್ರೈವರು. ಡಿಪೋದಲ್ಲಿ ಎಲ್ಲರೂ ಅವಳನ್ನು ಮೆಲ್ಲಕ್ಕ ಎನ್ನುತ್ತಾರೆ. ಹತ್ತೊಂಬತ್ತು ವರ್ಷ ಬಸ್ಸು ಓಡಿಸಿದರೂ ಒಂದು ದಿನ ಹಾರ್ನ್ ಹೊಡೆದು ಯಾರನ್ನೂ ಬೆಚ್ಚಿಬೀಳಿಸಿದವಳಲ್ಲ. "ಮೆಲ್ಲಕ್ಕನ ಬಸ್ಸು ಹತ್ತಿದರೆ ನಿದ್ದೆ ಗ್ಯಾರಂಟಿ, ಆಫೀಸಿಗೆ ಲೇಟೂ ಗ್ಯಾರಂಟಿ" ಎಂದು ಕಂಡಕ್ಟರುಗಳು ತಮಾಷೆ ಮಾಡುತ್ತಿದ್ದರು. ಅವಳೂ ನಗುತ್ತಿದ್ದಳು.

ಎರಡೂವರೆ ವರ್ಷದ ಹಿಂದೆ ಒಂದು ಬೆಳಿಗ್ಗೆ, ಬಸ್‌ ಸ್ಟಾಪಿನಲ್ಲಿ ಜನ ಇಳಿದು ಹತ್ತಿದ ಮೇಲೆ, ಕಂಡಕ್ಟರು ಸೀಟಿ ಊದಿದ. ಅವಳು ಎಡ ಕನ್ನಡಿ ನೋಡಿದಳು, ಬಲ ಕನ್ನಡಿ ನೋಡಿದಳು, ಎದುರು ರಸ್ತೆ ಖಾಲಿಯಿತ್ತು. ಬಸ್ಸು ಬಿಟ್ಟಳು. ಒಬ್ಬ ವೃದ್ಧರು ಬಸ್ಸಿನ ಮೂತಿಗೆ ತಾಗಿದಂತೆ ದಾಟುತ್ತಿದ್ದರು. ದಾಟುವಾಗ ಅವರ ಕನ್ನಡಕ ಕೆಳಗೆ ಬಿದ್ದಿತ್ತು, ಎತ್ತಿಕೊಳ್ಳಲು ಬಗ್ಗಿದ್ದರು. ಡ್ರೈವರ್ ಸೀಟಿನಿಂದ ಆ ಜಾಗ ಕಾಣುವುದಿಲ್ಲ. ಯಾರು ಕೂತರೂ ಕಾಣುವುದಿಲ್ಲ. ವಿಚಾರಣೆಯಲ್ಲಿ ಅದನ್ನು ಅಳತೆಪಟ್ಟಿ ಹಿಡಿದು ತೋರಿಸಿದರು. ಅವಳದ್ದೇನೂ ತಪ್ಪಿಲ್ಲ ಎಂದು ಬರೆದುಕೊಟ್ಟರು. ತೀರಿಕೊಂಡವರ ಮಗಳೇ ಬಂದು ಇವಳ ಕೈ ಹಿಡಿದು, "ನೀವು ಬೇಕಂತ ಮಾಡಿದ್ದಲ್ಲಮ್ಮ" ಎಂದು ಹೇಳಿ ಹೋದಳು.

ಎಲ್ಲರೂ ಬಿಟ್ಟರು. ಅವಳೊಬ್ಬಳು ತನ್ನನ್ನು ಬಿಡಲಿಲ್ಲ. ಮೂರನೇ ವಾರ ಕೆಲಸಕ್ಕೆಂದು ಹೋದವಳು ಸೀಟಿನಲ್ಲಿ ಕೂತು, ಎಂಜಿನ್ ಚಾಲೂ ಮಾಡಿ, ಮತ್ತೆ ಬಂದ್ ಮಾಡಿ, ಕೆಳಗಿಳಿದು ಬಸ್ಸಿನ ಮುಂದೆ ಬಗ್ಗಿ ನೋಡಿದಳಂತೆ. ಹತ್ತಿದಳು, ಇಳಿದಳು, ಬಗ್ಗಿ ನೋಡಿದಳು. ಏಳನೇ ಸಲಕ್ಕೆ ಡಿಪೋ ಮ್ಯಾನೇಜರು ಬಂದು, "ಅಕ್ಕಾ, ಇವತ್ತು ಮನೆಗೆ ಹೋಗಿ" ಎಂದರು. ಆಮೇಲೆ ಎರಡು ವರ್ಷ ನಮ್ಮ ಮನೆಯಲ್ಲಿ ಇದೇ ನಡೆಯಿತು. ಕುರ್ಚಿ ಎಳೆಯುವ ಮೊದಲು ಕೆಳಗೆ ಬಗ್ಗಿ ನೋಡುವುದು. ಬಾಗಿಲು ಹಾಕುವ ಮೊದಲು ಸಂದಿಯಲ್ಲಿ ಯಾರಾದರೂ ಇದ್ದಾರೆಯೇ ಎಂದು ನೋಡುವುದು. ನುಂಗದ ಮಾತ್ರೆ ಇಲ್ಲ, ಕಾಣದ ಡಾಕ್ಟರಿಲ್ಲ.

ಆಗ ದೊಡ್ಡಾಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಒಂದು ಪ್ರಯೋಗ ನಡೆಯುತ್ತಿದೆ ಎಂದು ಗೊತ್ತಾಯಿತು. ಗೊತ್ತುಮಾಡಿಕೊಂಡವನು ನಾನೇ. ಅವಳನ್ನು ಒಪ್ಪಿಸಿದವನೂ ನಾನೇ. ಇದನ್ನು ಮುಚ್ಚಿಡುವುದಿಲ್ಲ.

ಅಲ್ಲಿಯ ಡಾಕ್ಟರಮ್ಮ ನಮ್ಮಿಬ್ಬರನ್ನೂ ಕೂರಿಸಿಕೊಂಡು ಒಂದು ಗಂಟೆ ಮಾತಾಡಿದರು. ಎಲ್‌ಎಸ್‌ಡಿ ಎಂಬ, ಕಾಣದ್ದನ್ನು ಕಾಣಿಸುವ ಔಷಧವನ್ನು ಒಂದೇ ಸಲ ಕೊಡುತ್ತಾರೆ. ಜೊತೆಗೆ ಒಬ್ಬರು ನರ್ಸ್ ಇಡೀ ದಿನ ಪಕ್ಕದಲ್ಲೇ ಇರುತ್ತಾರೆ.

"ಮೆದುಳಲ್ಲಿ ಪುಟ್ಟ ಪುಟ್ಟ ಕುರ್ಚಿಗಳಿವೆ ಅಂದ್ಕೊಳ್ಳಿ" ಎಂದರು ಡಾಕ್ಟರು. "ರಿಸೆಪ್ಟರ್ ಅಂತೀವಿ. ಎಲ್‌ಎಸ್‌ಡಿ ಹೋಗಿ ಅಲ್ಲಿ ಕೂತ್ಕೊಳ್ಳುತ್ತೆ, ಕೂತು ಗದ್ದಲ ಎಬ್ಬಿಸುತ್ತೆ. ಆ ಗದ್ದಲದಲ್ಲಿ ಮನಸ್ಸು ಹಳೇ ಜಾಡು ಬಿಟ್ಟು ಬೇರೆ ದಾರಿ ಹಿಡೀಬಹುದು ಅನ್ನೋದು ನಮ್ಮ ಆಸೆ. ಆದ್ರೆ ಅದು ಹತ್ತು ಗಂಟೆ ಹೊತ್ತು ಎದ್ದು ಹೋಗೋದೇ ಇಲ್ಲ. ಅದಕ್ಕೇ ಎರಡನೇ ಮಾತ್ರೆ. ಇದು ಹಳೇ ಕಾಲದ ಬಿಪಿ ಮಾತ್ರೆ. ಹೋಗಿ ಅದನ್ನ ಎಬ್ಬಿಸಿ ಆ ಕುರ್ಚೀಲಿ ತಾನು ಕೂತ್ಕೊಳ್ಳುತ್ತೆ. ಹತ್ತು ಗಂಟೆಯ ಅನುಭವ ಮೂರು ನಾಲ್ಕು ಗಂಟೆಗೆ ಇಳಿಯುತ್ತೆ."

"ಕೂತು ಏನು ಮಾಡುತ್ತೆ?" ಎಂದಳು ನನ್ನ ಹೆಂಡತಿ.

"ಏನೂ ಮಾಡಲ್ಲ. ಬೇರೆಯವರಿಗೆ ಕುರ್ಚಿ ಬಿಡಲ್ಲ, ಅಷ್ಟೆ."

ಮಾನ್ಯರೇ, ಇಂಥ ಮಾತ್ರೆಯ ಗುಣ ಬೇರೆ ಯಾರಿಗೆ ಅರ್ಥವಾಗದಿದ್ದರೂ ತಮ್ಮ ಕಚೇರಿಗೆ ಅರ್ಥವಾಗಬೇಕಿತ್ತಲ್ಲವೇ? ಕುರ್ಚಿ ಹಿಡಿದು ಕೂತು ಏನೂ ಮಾಡದಿರುವುದರಿಂದಲೂ ಲೋಕಕ್ಕೆ ಉಪಕಾರವಾಗಬಹುದು ಎಂಬುದಕ್ಕೆ ತಮಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಎಲ್ಲಿ ಸಿಕ್ಕೀತು?

ಪ್ರಯೋಗದ ಕ್ರಮ ಹೀಗಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಎಲ್‌ಎಸ್‌ಡಿ. ಹತ್ತಕ್ಕೆ ಎರಡನೇ ಮಾತ್ರೆ. ಆದರೆ ಆ ಎರಡನೇ ಮಾತ್ರೆ ಅರ್ಧ ಜನಕ್ಕೆ ನಿಜವಾದದ್ದು, ಉಳಿದ ಅರ್ಧಕ್ಕೆ ಏನೂ ಇಲ್ಲದ ಹುಸಿಮಾತ್ರೆ. ಯಾರಿಗೆ ಯಾವುದು ಎಂಬುದು ಮೊಹರು ಮಾಡಿದ ಲಕೋಟೆಯಲ್ಲಿರುತ್ತದೆ. ಡಾಕ್ಟರಿಗೂ ಗೊತ್ತಿರುವುದಿಲ್ಲ. ಬೇಗ ಮುಗಿಸಿದರೂ ಅಷ್ಟೇ ಗುಣವಾಗುತ್ತದೆಯೇ ಎಂದು ತಿಳಿಯಲು ಹೀಗೆ. ನ್ಯಾಯವಾಗಿಯೇ ಇದೆ, ನಾನು ಇದರಲ್ಲಿ ದೋಷ ಹುಡುಕುವುದಿಲ್ಲ.

ನನ್ನ ಹೆಂಡತಿ ಆವತ್ತು ಒಂದೇ ಪ್ರಶ್ನೆ ಕೇಳಿದಳು. "ಮಧ್ಯದಲ್ಲಿ ನನಗೆ ಸಾಕು ಅನ್ನಿಸಿದ್ರೆ?"

ಡಾಕ್ಟರು ಪೆನ್ನಿನ ಕ್ಯಾಪು ತೆಗೆದು, ಹಾಕಿ, ಮತ್ತೆ ತೆಗೆದರು. "ಹಾಗಾದವರಿಗೆ ನಿಜವಾದ ಮಾತ್ರೆ ಕೊಟ್ಟು ಇಳಿಸೋಕೆ ಅನುಮತಿ ಕೇಳಿದ್ದೀವಿ. ಪ್ರಾಧಿಕಾರದ ಮುಂದೆ ಇದೆ. ಹದಿನಾಲ್ಕು ತಿಂಗಳಾಯ್ತು. ಇವತ್ತೋ ನಾಳೆಯೋ ಬರುತ್ತೆ."

"ಬರುತ್ತೆ ಅಂತಾರಲ್ಲ" ಎಂದೆ ನಾನು ಅವಳಿಗೆ. ಸಹಿ ಹಾಕಿದಳು.

ಕೋಣೆ ಚೆನ್ನಾಗಿತ್ತು. ನೆಲದ ಮೇಲೆ ದಪ್ಪನೆಯ ಹಾಸಿಗೆ, ಕಿಟಕಿಗೆ ತಿಳಿ ಹಸಿರು ಪರದೆ, ಮೂಲೆಯಲ್ಲಿ ನೀರಿನ ಹೂಜಿ. ಗೋಡೆಗೆ ಸೇರಿಸಿ ಬೀಗ ಹಾಕಿದ ಒಂದು ಕಬ್ಬಿಣದ ಬೀರು. ಮಾತ್ರೆಗಳಿರುವುದು ಅದರಲ್ಲೇ ಎಂದು ನರ್ಸ್ ತೋರಿಸಿದರು. ಐವತ್ತು ದಾಟಿದ ಹೆಂಗಸು, ಕಡಿಮೆ ಮಾತು. ನನ್ನ ಹೆಂಡತಿಯ ಚಪ್ಪಲಿಯನ್ನು ತಾವೇ ಎತ್ತಿ ಬಾಗಿಲ ಪಕ್ಕ ಇಟ್ಟರು. ಮನೆಯವರು ಒಳಗಿರುವಂತಿಲ್ಲ. ನನಗೆ ಹೊರಗೆ ಓಣಿಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ.

ಹನ್ನೊಂದರವರೆಗೆ ಎಲ್ಲ ಸರಿಯಾಗಿತ್ತು. ಒಳಗಿಂದ ಅವಳ ನಗು ಕೇಳಿಸಿತು. ಎರಡು ವರ್ಷದಲ್ಲಿ ಕೇಳದ ನಗು. ನಾನು ಕೂತಲ್ಲೇ ಕಣ್ಣೊರೆಸಿಕೊಂಡೆ. ಹನ್ನೊಂದೂಮುಕ್ಕಾಲರ ಹೊತ್ತಿಗೆ ನಗು ನಿಂತಿತು. ಹನ್ನೆರಡು ಹತ್ತಕ್ಕೆ ಅವಳ ದನಿ ಸ್ಪಷ್ಟವಾಗಿ ಬಂತು.

"ಸಾಕು ಸಿಸ್ಟರ್. ನಿಲ್ಲಿಸಿ."

ನರ್ಸ್ ಏನೋ ಸಮಾಧಾನ ಹೇಳಿದರು. "ಇಲ್ಲ, ನಿಲ್ಲಿಸಿ. ಅವರು ಬಗ್ಗಿದ್ದಾರೆ. ನನಗೆ ಕಾಣ್ತಿದೆ, ಈಗ ಕಾಣ್ತಿದೆ. ಬ್ರೇಕ್ ಹಿಡೀತಿಲ್ಲ."

ಅವಳು ಏನು ಕಾಣುತ್ತಿದ್ದಳೆಂದು ಆಮೇಲೆ ಹೇಳಿದಳು. ಆ ಬೆಳಿಗ್ಗೆ, ಆ ಬಸ್‌ ಸ್ಟಾಪು. ಆದರೆ ಈ ಸಲ ಅವರು ಬಗ್ಗಿರುವುದು ಅವಳಿಗೆ ಗೊತ್ತು. ತಗಡಿನ ಆಚೆಗೂ ಕಾಣುತ್ತಿದೆ. ಕನ್ನಡಕ ಕೈಗೆ ಸಿಗದೆ ತಡಕಾಡುತ್ತಿದ್ದಾರೆ. ಇವಳು ಬ್ರೇಕ್ ಒತ್ತುತ್ತಾಳೆ, ಬಸ್ಸು ನಿಲ್ಲುವುದಿಲ್ಲ. ಮುಗಿಯಿತು ಎನ್ನುವಷ್ಟರಲ್ಲಿ ಕಂಡಕ್ಟರು ಮತ್ತೆ ಸೀಟಿ ಊದುತ್ತಾನೆ. ಮತ್ತೆ ಬಸ್‌ ಸ್ಟಾಪು.

ಹನ್ನೆರಡೂವರೆಗೆ ಡಾಕ್ಟರು ಹೊರಗೆ ಬಂದರು. "ಭಯದಲ್ಲಿದ್ದಾರೆ. ಕೆಲವರಿಗೆ ಹೀಗೆ ಬಂದು ಹೋಗುತ್ತೆ. ಸ್ವಲ್ಪ ನೋಡೋಣ."

"ಆ ಮಾತ್ರೆ ಕೊಡಿ ಮೇಡಂ."

"ಲಕೋಟೆ ತೆರೀಬೇಕು. ಬೆಳಿಗ್ಗೆ ಕೊಟ್ಟದ್ದೇ ನಿಜವಾದ್ದಾಗಿದ್ರೆ, ಮೇಲಿಂದ ಇನ್ನೊಂದು ಕೊಟ್ಟು ಬಿಪಿ ಪಾತಾಳಕ್ಕೆ ಇಳಿದ್ರೆ ಏನು ಮಾಡೋದು? ತೆರೆಯೋಕೆ ಪ್ರಾಧಿಕಾರದ ಲಿಖಿತ ಒಪ್ಪಿಗೆ ಬೇಕು."

"ನಿಜವಾದ್ದಾಗಿದ್ರೆ ಇಷ್ಟು ಹೊತ್ತಿಗೆ ಇಳೀಬೇಕಿತ್ತಲ್ಲ?"

"ಹುಸಿಮಾತ್ರೆಯೇ ಅಂತ ನನಗೂ ಅನ್ನಿಸುತ್ತೆ. ಅನ್ನಿಸೋದು ಬೇರೆ, ಕಾಗದದಲ್ಲಿರೋದು ಬೇರೆ" ಎಂದು ಫೋನು ತೆಗೆದರು.

ಇನ್ನು ತಮ್ಮ ಕಚೇರಿಯ ಪಾತ್ರ ಶುರು. ಹನ್ನೆರಡು ನಲವತ್ತಕ್ಕೆ ಯಾರೂ ಎತ್ತಲಿಲ್ಲ. ಒಂದು ಹತ್ತಕ್ಕೆ ಎತ್ತಿದವರು, "ಊಟದ ಸಮಯ, ಎರಡರ ಮೇಲೆ ಮಾಡಿ" ಎಂದರು. ಡಾಕ್ಟರು ಫೋನನ್ನು ನನಗೂ ಕೇಳುವಂತೆ ಹಿಡಿದಿದ್ದರು, ಹಾಗಾಗಿ ಈ ಮಾತುಗಳಿಗೆ ನಾನೇ ಸಾಕ್ಷಿ. ಎರಡೂಕಾಲಿಗೆ ಇನ್ನೊಬ್ಬರು ಸಿಕ್ಕಿದರು. ಡಾಕ್ಟರು ಎಲ್ಲ ವಿವರಿಸಿದರು.

"ಪೇಷೆಂಟ್ ಪ್ರಾಣಕ್ಕೆ ಅಪಾಯ ಇದೆಯಾ?" ಎಂದು ಕೇಳಿದರು ಅವರು.

"ಇಲ್ಲ. ನಾಡಿ ಜಾಸ್ತಿ ಇದೆ. ವಿಪರೀತ ಭಯದಲ್ಲಿದ್ದಾರೆ."

"ಭಯ ಅಂತ ಕಾಲಮ್ ಇಲ್ಲ ಮೇಡಂ. ಪ್ರಾಣಾಪಾಯ ಇದ್ರೆ ನೀವೇ ತೆರೀಬಹುದು. ಇಲ್ಲಾಂದ್ರೆ ಇಮೇಲ್ ಮಾಡಿ."

ಇಮೇಲ್ ಮಾಡಿದರು. ಎರಡೂಮುಕ್ಕಾಲಿಗೆ ಉತ್ತರ ಬಂತು. ನಿಗದಿತ ನಮೂನೆಯಲ್ಲಿಲ್ಲ ಎಂದು. ನಮೂನೆಯಲ್ಲಿ ಕಳಿಸಿದರು. ನಾಲ್ಕು ಇಪ್ಪತ್ತಕ್ಕೆ ಕೇಳಿದರೆ ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದರು. ಆ ಸಾಹೇಬರು ತಾವೇ ಇರಬೇಕು. ಯಾವ ಮೀಟಿಂಗು ಎಂದು ನಾನು ಕೇಳುವುದಿಲ್ಲ. ಮುಖ್ಯವಾದದ್ದೇ ಇದ್ದೀತು. ಐದೂಕಾಲಿಗೆ ಫೋನು ರಿಂಗಾಗುತ್ತಲೇ ಇತ್ತು. ಖಾಲಿ ಕೋಣೆಯಲ್ಲಿ ರಿಂಗಾಗುವ ಫೋನಿಗೆ ಒಂದು ಬೇರೆಯೇ ಸದ್ದಿರುತ್ತದೆ ಮಾನ್ಯರೇ.

ಈ ನಡುವೆ ನಾನು ಸುಮ್ಮನೆ ಕೂತಿರಲಿಲ್ಲ. "ಅವಳನ್ನ ಪ್ರಯೋಗದಿಂದಲೇ ತೆಗೆದುಬಿಡಿ ಮೇಡಂ. ನಾನು ಬರೆದುಕೊಡ್ತೀನಿ" ಎಂದೆ.

"ಹಿಂದೆ ಸರಿಯೋದಕ್ಕೆ ಅವರೇ ಸಹಿ ಹಾಕಬೇಕು. ನಿಮ್ಮ ಸಹಿ ನಡೆಯಲ್ಲ, ಅವರು ವಯಸ್ಕರು."

"ಹಾಗಾದ್ರೆ ಅವಳ ಹತ್ರಾನೇ ಹಾಕಿಸಿ. ಸಾಕು ಸಾಕು ಅಂತಲೇ ಇದಾಳಲ್ಲ!"

ಡಾಕ್ಟರು ನೆಲ ನೋಡಿದರು. "ಔಷಧದ ಪ್ರಭಾವದಲ್ಲಿರೋವಾಗ ಹಾಕಿದ ಸಹಿ ಊರ್ಜಿತ ಅಲ್ಲ."

ಇದನ್ನು ತಾವು ದಯವಿಟ್ಟು ಎರಡು ಸಲ ಓದಬೇಕು. ಒಳಗೆ ಹೋಗುವಾಗ ಅವಳಿಗೆ ಬುದ್ಧಿ ನೆಟ್ಟಗಿತ್ತು, ಆದ್ದರಿಂದ ಸಹಿ ನಡೆಯಿತು. ಒಳಗೆ ಹೋದ ಮೇಲೆ ಬುದ್ಧಿ ನೆಟ್ಟಗಿಲ್ಲ, ಆದ್ದರಿಂದ ಹೊರಗೆ ಬರುವ ಮಾತಿಗೆ ಬೆಲೆಯಿಲ್ಲ. ಬುದ್ಧಿ ಕೆಡಿಸುವುದಕ್ಕೇ ಕೊಟ್ಟ ಔಷಧ ಅದರ ಕೆಲಸ ಮಾಡಿದ್ದು ಅವಳ ಅಪರಾಧವೇ? ಬೆಂಕಿ ಬಿದ್ದ ಮನೆಯಲ್ಲಿ ಕೂಗಿಕೊಳ್ಳುವವನಿಗೆ, "ನೀನು ಈಗ ಗಾಬರಿಯಲ್ಲಿದ್ದೀಯ, ಶಾಂತವಾದ ಮೇಲೆ ಅರ್ಜಿ ಕೊಡು" ಎಂದು ಹೇಳುವ ಅಗ್ನಿಶಾಮಕ ದಳವನ್ನು ತಾವು ಎಲ್ಲಿಯಾದರೂ ಕಂಡಿದ್ದೀರಾ?

ಒಂದೂವರೆಯ ಹೊತ್ತಿಗೆ ಅವಳು ಬಾಗಿಲಿಗೆ ಬಂದಳು. ಒಳಗಿಂದ ತಟ್ಟಿದಳು. ಜೋರಾಗಿ ಅಲ್ಲ, ಮನೆಯಲ್ಲಿ ನಾನು ಸ್ನಾನಕ್ಕೆ ಹೋಗಿ ತಡಮಾಡಿದರೆ ತಟ್ಟುತ್ತಾಳಲ್ಲ, ಹಾಗೆ.

"ರೀ. ಇದೀರಾ? ಬಾಗಿಲು ತೆಗೀರಿ."

ನಾನು ಎದ್ದು ಚಿಲಕಕ್ಕೆ ಕೈ ಹಾಕಿದೆ. ನರ್ಸ್ ಬಾಗಿಲನ್ನು ಒಂದಿಷ್ಟೇ ತೆರೆದು, ತಾವು ಸಂದಿಯಲ್ಲಿ ಅಡ್ಡ ನಿಂತು, ಪಿಸುದನಿಯಲ್ಲಿ ಹೇಳಿದರು. "ಬೇಡಣ್ಣ. ಈಗ ನೀವು ಒಳಗೆ ಬಂದ್ರೆ ನೀವೂ ಆ ಬಸ್ಸಿನೊಳಗೆ ಸೇರಿಬಿಡ್ತೀರಿ. ಆಮೇಲೆ ಜನ್ಮವಿಡೀ ನಿಮ್ಮ ಮುಖ ನೋಡಿದಾಗೆಲ್ಲ ಅವರಿಗೆ ಇದೇ ನೆನಪಾಗುತ್ತೆ. ಒಬ್ಬರಾದ್ರೂ ಹೊರಗೆ ಉಳೀಲಿ."

ಅವರು ಒಳ್ಳೆಯದಕ್ಕೇ ಹೇಳಿದರು. ನಾನು ಚಿಲಕ ಬಿಟ್ಟೆ. ಬಾಗಿಲು ಮುಚ್ಚಿತು. ಅವಳು ತಟ್ಟುತ್ತಲೇ ಇದ್ದಳು. ನಾನು ಈ ಕಡೆಯಿಂದ ಅದೇ ಜಾಗಕ್ಕೆ ಅಂಗೈ ಒತ್ತಿ ನಿಂತೆ. ಪ್ರತಿ ಏಟೂ ಅಂಗೈಗೆ ಬರುತ್ತಿತ್ತು. ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಬೇರೆ ಏನು ಮಾಡಬಹುದಿತ್ತು ಎಂದು ಈಗಲೂ ಯೋಚಿಸುತ್ತೇನೆ. ಬಾಗಿಲು ಒಡೆಯಬಹುದಿತ್ತು. ಒಡೆದು ಏನು ಮಾಡುತ್ತಿದ್ದೆ? ಅವಳಿದ್ದದ್ದು ಆ ಕೋಣೆಯಲ್ಲಿ ಅಲ್ಲವಲ್ಲ.

ಮೂರು ಗಂಟೆಗೆ ಒಂದು ಸಮಾಧಾನದ ಇಂಜೆಕ್ಷನ್ ಕೊಟ್ಟರು. ಅದಕ್ಕೆ ತಮ್ಮ ಅನುಮತಿ ಇತ್ತು. ಅವಳು ತಟ್ಟುವುದನ್ನು ನಿಲ್ಲಿಸಿದಳು, ಕೂಗುವುದನ್ನು ನಿಲ್ಲಿಸಿದಳು. ಹೋಗಿ ಮಲಗಿದಳು. ನನಗೆ ಜೀವ ಬಂದಂತಾಯಿತು. ಓಣಿಯ ಕೊನೆಗೆ ಹೋಗಿ ನೀರು ಕುಡಿದು ಬಂದೆ. ಆಮೇಲೆ ಅವಳೇ ಹೇಳಿದಳು, ಬಸ್ಸು ನಿಂತಿರಲಿಲ್ಲವಂತೆ. ಕೂಗಲು ಬಾಯಿ ಏಳುತ್ತಿರಲಿಲ್ಲ, ಅಷ್ಟೆ.

ಸಂಜೆ ಐದೂವರೆಗೆ ನಾನು ಡಾಕ್ಟರ ಮುಂದೆ ಕೈ ಮುಗಿದೆ. ಬೀರುವಿನ ಕೀಲಿ ಅವರ ಕೊರಳಿನ ದಾರದಲ್ಲಿ ಗುರುತಿನ ಚೀಟಿಯ ಜೊತೆ ತೂಗುತ್ತಿತ್ತು. ಅವರು ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಮಾತಾಡಿದರು. "ನಾನು ಈಗ ಕೊಟ್ರೆ ನಾಳೆ ಇಡೀ ಪ್ರಯೋಗ ನಿಲ್ಲಿಸ್ತಾರೆ. ಇನ್ನೂ ಇಪ್ಪತ್ತಾರು ಜನ ಕಾಯ್ತಿದ್ದಾರೆ. ನನ್ನ ಲೈಸೆನ್ಸೂ ಹೋಗುತ್ತೆ, ಅದಿರಲಿ. ಇನ್ನೊಂದೆರಡು ಗಂಟೆ, ತಾನಾಗೇ ಇಳಿಯುತ್ತೆ." ಅವರ ಕಣ್ಣಲ್ಲಿ ನೀರಿತ್ತು. ಅವರನ್ನು ನಾನು ಪೂರ್ತಿ ಕ್ಷಮಿಸಿಲ್ಲ. ಪೂರ್ತಿ ದೂರುವುದಕ್ಕೂ ಮನಸ್ಸು ಬರುವುದಿಲ್ಲ. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ನಮ್ಮದು ಕೈಗೂ ಬಾಯಿಗೂ ಮಧ್ಯೆ ತಮ್ಮ ಸಹಿಯಷ್ಟೇ ದೂರ ಇತ್ತು.

ಏಳಕ್ಕೆ ಐದು ನಿಮಿಷ ಇರುವಾಗ ಬಾಗಿಲು ತೆರೆಯಿತು. ಅವಳು ಗೋಡೆ ಹಿಡಿದುಕೊಂಡು ಬಂದಳು. ಮೊದಲು ಹೇಳಿದ್ದು, "ಕಾಲು ನೋಯ್ತಿದೆ ರೀ." ಬಲಗಾಲಿನ ಮೀನಖಂಡ ಕಲ್ಲಿನ ಹಾಗೆ ಗಂಟುಕಟ್ಟಿತ್ತು. ಆರು ಏಳು ಗಂಟೆ ಹಾಸಿಗೆಗೆ, ನೆಲಕ್ಕೆ, ಗೋಡೆಗೆ, ಸಿಕ್ಕಿದ್ದಕ್ಕೆಲ್ಲ ಬ್ರೇಕ್ ಒತ್ತಿದ್ದಳು. ಆ ಗಂಟು ಇಳಿಯಲು ಮೂರು ದಿನ ಬೇಕಾಯಿತು. ದಿನಕ್ಕೆರಡು ಸಲ ಬಿಸಿನೀರಿನ ಬಟ್ಟೆ ಒತ್ತಿದೆ. ನಾನು ಮಾಡಲು ಸಾಧ್ಯವಾದ ಕೆಲಸ ಅದೊಂದೇ ಆಗಿತ್ತು, ಹಾಗಾಗಿ ಸ್ವಲ್ಪ ಜಾಸ್ತಿಯೇ ಮಾಡಿದೆ.

ಈಗ ಒಂದು ತಪ್ಪೊಪ್ಪಿಗೆ ಮಾಡಬೇಕು. ಪ್ರಾಣಾಪಾಯದ ಹೊರತು ಲಕೋಟೆ ತೆರೆಯಬಾರದು ಎಂಬ ತಮ್ಮ ನಿಯಮ ಎಲ್ಲಿ ಅಚ್ಚಾಯಿತು ಗೊತ್ತೇ? ನಮ್ಮ ಮುದ್ರಣಾಲಯದಲ್ಲಿ. ಅದರ ಕರಡು ತಿದ್ದಿದವನು ನಾನು. ಮನೆಗೆ ಬಂದು ವಾರದ ಮೇಲೆ ಅನುಮಾನ ಬಂದು ಹಳೆಯ ಪ್ರತಿ ತೆಗೆದು ನೋಡಿದೆ. ಹದಿನಾಲ್ಕನೇ ನಿಯಮ, ಮೂರನೇ ಉಪನಿಯಮ. ಅಂಚಿನಲ್ಲಿ ನನ್ನದೇ ಕೆಂಪು ಶಾಯಿ. 'ಪುರ್ವಾನುಮತಿ' ಎಂದಿದ್ದದ್ದನ್ನು 'ಪೂರ್ವಾನುಮತಿ' ಎಂದು ತಿದ್ದಿದ್ದೇನೆ. 'ತೆರೆಯತಕ್ಕದ್ದಲ್ಲ' ಎಂಬಲ್ಲಿ ಬಿಟ್ಟುಹೋಗಿದ್ದ ಒತ್ತು ಹಾಕಿದ್ದೇನೆ. ಎರಡು ಸಲ ಓದಿ, ಸರಿಯಿದೆ ಎಂದು ಸಹಿ ಮಾಡಿದ್ದೇನೆ. ಆ ವಾಕ್ಯದಲ್ಲಿ ಒಬ್ಬ ಮನುಷ್ಯ ಸಿಕ್ಕಿಕೊಳ್ಳಬಹುದು ಎಂದು ನನಗೂ ಹೊಳೆಯಲಿಲ್ಲ. ಕಾಗುಣಿತ ನೆಟ್ಟಗಿದ್ದರೆ ಸಾಕೆಂದುಕೊಂಡಿದ್ದೆ. ಆದ್ದರಿಂದ ತಮ್ಮನ್ನು ಬೈಯುವಾಗ ನನ್ನ ದನಿ ಅಲ್ಲಲ್ಲಿ ಇಳಿದರೆ, ಕಾರಣ ಇದು.

ಹನ್ನೊಂದನೇ ದಿನ ತಮ್ಮ ಪತ್ರ ಬಂತು. 'ಸದರಿ ಸ್ವಯಂಸೇವಕಿಗೆ, ಉಲ್ಲೇಖಿತ ದಿನದ ಮಧ್ಯಾಹ್ನದ ಅವಧಿಗೆ ಮಾತ್ರ ಸೀಮಿತವಾಗಿ, ಪ್ರಸ್ತಾಪಿತ ಮಾತ್ರೆಯನ್ನು ನೀಡಲು ಅನುಮತಿಸಲಾಗಿದೆ.' ಕಾಗುಣಿತ ದೋಷವಿಲ್ಲ. ಆ ಮಧ್ಯಾಹ್ನವನ್ನು ನಾನು ಎಲ್ಲಿಂದ ತರಲಿ ಎಂಬುದನ್ನು ಮಾತ್ರ ಬರೆದಿಲ್ಲ.

ಅಡುಗೆಮನೆಯಲ್ಲಿದ್ದವಳಿಗೆ ಓದಿ ಹೇಳಿದೆ. ಪತ್ರ ಇಸಿದುಕೊಂಡು ತಾನೂ ಓದಿದಳು. ಮಡಿಸಿ ಕೊಟ್ಟು, "ಹಾಗಾದ್ರೆ ಈಗ ನುಂಗ್ಲಾ?" ಎಂದು ಕೇಳಿದಳು. ನಗು ಬಂತು ಇಬ್ಬರಿಗೂ. ನಾನು ನಗು ನಿಲ್ಲಿಸಿದ ಮೇಲೂ ಅವಳದು ನಿಲ್ಲಲಿಲ್ಲ. ಒಲೆ ಆರಿಸಿ, ಅವಳ ಭುಜ ಹಿಡಿದು ಕೂರಿಸಬೇಕಾಯಿತು.

ಈಗ ಅವಳು ಹೇಗಿದ್ದಾಳೆ ಎಂದು ತಾವು ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಆಸ್ಪತ್ರೆಯ ಪ್ರಶ್ನಾವಳಿಯ ಪ್ರಕಾರ ಸುಧಾರಿಸಿದ್ದಾಳೆ. ಕುರ್ಚಿಯ ಕೆಳಗೆ ಬಗ್ಗಿ ನೋಡುವುದು ನಿಂತಿದೆ. ಅಪಘಾತದ ಕನಸು ಬೀಳುವುದಿಲ್ಲ. ಹಾಗಾದರೆ ಆ ಹತ್ತು ಗಂಟೆಯಿಂದಲೇ ಗುಣವಾಯಿತೇ, ಬೇಗ ಇಳಿಸಿದ್ದರೆ ಆಗುತ್ತಿರಲಿಲ್ಲವೇ ಎಂದು ತಮ್ಮ ತಜ್ಞರು ಕೇಳಬಹುದು. ನನಗೆ ಗೊತ್ತಿಲ್ಲ. ಡಾಕ್ಟರಿಗೂ ಗೊತ್ತಿಲ್ಲ. ಆದರೆ ಪ್ರಶ್ನಾವಳಿಯಲ್ಲಿ ಇಲ್ಲದ ಸಂಗತಿಗಳೂ ಇವೆ. ಈಗ ಅವಳು ಯಾವ ಕೋಣೆಯ ಬಾಗಿಲನ್ನೂ ಹಾಕಿಕೊಳ್ಳುವುದಿಲ್ಲ. ಸ್ನಾನಕ್ಕೆ ಹೋದರೆ ಬಾಗಿಲು ತೆರೆದಿರುತ್ತದೆ, ನಾನು ಹೊರಗೆ ಬೆನ್ನು ಮಾಡಿ ಕೂತಿರುತ್ತೇನೆ. ಬಸ್ಸಿನ ಸೀಟಿಗೆ ಮರಳಿಲ್ಲ. ಡಿಪೋದಲ್ಲಿ ಪ್ರಯಾಣಿಕರು ಮರೆತುಹೋದ ಛತ್ರಿ, ಚೀಲಗಳನ್ನು ಕಾಯುವ ಕೌಂಟರಿಗೆ ಹಾಕಿದ್ದಾರೆ. ಒಂದು ಕಾಯಿಲೆ ಕೊಟ್ಟು ಇನ್ನೊಂದನ್ನು ತಂದೆವು. ಪ್ರಶ್ನಾವಳಿ ಮೊದಲನೆಯದನ್ನು ಮಾತ್ರ ಕೇಳುತ್ತದೆ.

ಮೊದಲ ವಾರವೇ ಅವಳು ಕೇಳಿದ್ದಳು. "ನಾನು ಕರೆದದ್ದು ಕೇಳಿಸಿತಾ?"

"ಇಲ್ಲ ಕಣೇ, ಬಾಗಿಲು ದಪ್ಪ" ಎಂದಿದ್ದೆ. ಎರಡು ತಿಂಗಳು ಆ ಸುಳ್ಳನ್ನು ಕಾಪಾಡಿಕೊಂಡೆ. ಆಮೇಲೊಂದು ದಿನ ತಪಾಸಣೆಗೆ ಹೋಗಿ ಬಂದವಳು ಚಪ್ಪಲಿ ಬಿಡುತ್ತಾ ಹೇಳಿದಳು.

"ಸಿಸ್ಟರ್ ಸಿಕ್ಕಿದ್ರು. ನೀವು ಬಾಗಿಲಿಗೆ ಅಂಗೈ ಒತ್ತಿ ನಿಂತಿದ್ರಂತೆ."

ನಾನು ಅವಳ ಕೈಚೀಲ ಇಸಿದುಕೊಂಡೆ.

"ಹೇಳಬಹುದಿತ್ತಲ್ಲ. ಯಾರೂ ಇಲ್ಲ ಅಂದ್ಕೊಂಡಿದ್ದೆ ನಾನು."

ಆ ಮಾತಿಗೆ ತಮ್ಮಲ್ಲಿ ಉತ್ತರವಿದ್ದರೆ ಯಾವ ನಮೂನೆಯಲ್ಲಾದರೂ ಕಳಿಸಿ.

ಈ ಪತ್ರ ಬರೆಯುತ್ತೇನೆಂದಾಗ ಅವಳು ತಡೆಯಲಿಲ್ಲ. ಒಂದೇ ಎಚ್ಚರಿಕೆ ಕೊಟ್ಟಳು. "ಔಷಧ ಕೆಟ್ಟದ್ದು ಅಂತ ಬರೀಬೇಡಿ. ಎಷ್ಟೋ ಜನಕ್ಕೆ ಅದೇ ದಾರಿ ಇರಬಹುದು. ಬ್ರೇಕ್ ಇಲ್ಲದ ಗಾಡೀನ ಡಿಪೋದಿಂದ ಹೊರಗೆ ಬಿಡಬೇಡಿ ಅಂತ ಬರೀರಿ. ನಮ್ಮಲ್ಲಿ ಮೆಕ್ಯಾನಿಕ್ ಸಹಿ ಇಲ್ಲದೆ ಯಾವ ಬಸ್ಸೂ ಗೇಟು ದಾಟಲ್ಲ." ಅವಳ ಮಾತನ್ನು ಹಾಗೇ ಇಳಿಸಿದ್ದೇನೆ. ಹತ್ತಿಸುವ ಔಷಧಕ್ಕೆ ನಾಲ್ಕು ತಿಂಗಳಲ್ಲಿ ಅನುಮತಿ ಕೊಟ್ಟ ಕಚೇರಿಗೆ ಇಳಿಸುವ ಮಾತ್ರೆಗೆ ಹದಿನಾಲ್ಕು ತಿಂಗಳು ಸಾಲದೇ?

ಹೋದ ವಾರ ಕೊನೆಯ ಪ್ರಶ್ನಾವಳಿ ಕೊಟ್ಟುಬರಲು ನಾನೊಬ್ಬನೇ ಆಸ್ಪತ್ರೆಗೆ ಹೋಗಿದ್ದೆ. ಆ ಓಣಿಯಲ್ಲಿ ಒಬ್ಬ ಹೆಂಗಸು ನಿಂತಿದ್ದರು. ಪ್ರಯೋಗಕ್ಕೆ ಬಂದವರು ಅವರ ತಮ್ಮನಂತೆ, ಶಾಲೆಯಲ್ಲಿ ಚಿತ್ರಕಲೆ ಮೇಷ್ಟ್ರು. ಮೂರು ವರ್ಷದಿಂದ ಕುಂಚ ಮುಟ್ಟಿಲ್ಲ, ಮಾತೂ ಕಡಿಮೆ. ಬರುವ ಗುರುವಾರ ಅವರ ಸರದಿ. ಆ ತಮ್ಮ ಒಳಗೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುತ್ತಿದ್ದ. ಅಕ್ಕ ಕೋಣೆಯನ್ನೊಮ್ಮೆ ಇಣುಕಿ ನೋಡಿ, "ಪರದೆ ಚೆನ್ನಾಗಿದೆ ಅಲ್ವಾ?" ಎಂದರು. ಆಮೇಲೆ ನನ್ನನ್ನು ಕೇಳಿದರು. "ನೀವೂ ಇಲ್ಲಿ ಬಂದು ಕಾದವರಂತೆ. ಇಡೀ ದಿನ ಅಂದ್ರೆ ಊಟಕ್ಕೆಲ್ಲ ಏನು ಮಾಡಿದ್ರಿ?"

ಹೇಳಬೇಕೆಂದುಕೊಂಡದ್ದೆಲ್ಲ ನಾಲಿಗೆಯ ತುದಿಗೆ ಬಂತು. ಹೇಳಿದರೆ ಅವರು ತಮ್ಮನನ್ನು ಕರೆದುಕೊಂಡು ಹೋಗಿಬಿಡಬಹುದು. ಆ ತಮ್ಮನಿಗೆ ಬೇರೆ ದಾರಿ ಇಲ್ಲದಿದ್ದರೆ? ಹೇಳದಿದ್ದರೆ, ಗುರುವಾರ ಅವನಿಗೂ ಹುಸಿಮಾತ್ರೆ ಬಿದ್ದರೆ? "ಕ್ಯಾಂಟೀನು ಎರಡು ಗಂಟೆಗೆ ಮುಚ್ಚುತ್ತೆ, ಮನೆಯಿಂದ ಏನಾದ್ರೂ ತಂದಿಟ್ಟುಕೊಳ್ಳಿ" ಎಂದೆ. ಅವರು ಉಪಕಾರವಾಯಿತು ಎಂದರು.

ಆದ್ದರಿಂದ ಮಾನ್ಯರೇ, ನನ್ನ ಬೇಡಿಕೆ ಚಿಕ್ಕದು. ಕ್ಷಮೆ ಬೇಡ, ಪರಿಹಾರ ಬೇಡ, ಯಾರನ್ನೂ ಅಮಾನತು ಮಾಡುವುದು ಬೇಡ. ಆಗಲೇ ಹದಿನಾಲ್ಕು ತಿಂಗಳಾಗಿದ್ದ, ಇನ್ನೂ ತಮ್ಮ ಮೇಜಿನ ಮೇಲಿರುವ ಆ ಕಡತವನ್ನು ಬುಧವಾರ ಸಂಜೆಯೊಳಗೆ ತೆರೆಯಿರಿ. ಒಳಗಿರುವವರು ಸಾಕು ಎಂದರೆ, ಪಕ್ಕದಲ್ಲಿರುವ ಡಾಕ್ಟರು ತಮ್ಮನ್ನು ಕೇಳದೆ ಲಕೋಟೆ ತೆರೆದು ಇಳಿಸಬಹುದು ಎಂದು ಒಂದು ಸಾಲು ಬರೆಯಿರಿ. 'ಸಾಕು' ಎನ್ನುವುದಕ್ಕೆ ಎಷ್ಟು ಬುದ್ಧಿ ಬೇಕೋ ಅಷ್ಟು ಎಲ್ಲರಿಗೂ ಯಾವಾಗಲೂ ಇರುತ್ತದೆ ಎಂದು ಒಪ್ಪಿಕೊಳ್ಳಿ. ಭಾಷೆ ಹೇಗಿದ್ದರೂ ಪರವಾಗಿಲ್ಲ, ತಪ್ಪಿದ್ದರೆ ನಾನು ತಿದ್ದಿಕೊಳ್ಳುತ್ತೇನೆ.

ಬರೆಯಲಾಗದಿದ್ದರೆ, ಗುರುವಾರ ಒಂಬತ್ತು ಗಂಟೆಗೆ ತಾವೇ ಬನ್ನಿ. ಆ ಅಕ್ಕನ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿಸುತ್ತೇನೆ. ಊಟದ ಸಮಯದಲ್ಲಿ ಎದ್ದು ಹೋಗದೆ ಕೂತಿದ್ದರೆ ಸಾಕು.

ಇಂತಿ,
ಒಪ್ಪಿಗೆ ಪತ್ರದ ಕೊನೆಯಲ್ಲಿ 'ಜೊತೆಗಿರುವವರು' ಎಂಬ ಗೆರೆಯ ಮೇಲೆ ಸಹಿ ಹಾಕಿ, ಜೊತೆಗಿರಲಾಗದೆ ಹೋದ
ಮೆಲ್ಲಕ್ಕನ ಗಂಡ